ಟ್ರೇಲರ್ ಪ್ರವಾಸದಲ್ಲಿ ಸೈಕಲ್ ಮತ್ತು ಹೆಚ್ಚುವರಿ ಸಾಮಾನುಗಳ ಸಾಗಣೆ

ಮಲಗುವ, ಅಡುಗೆ ಮಾಡುವ ವ್ಯವಸ್ಥೆಯನ್ನು ಜೊತೆಯಲ್ಲೇ ಕೊಂಡೊಯ್ಯುವ ಪ್ರವಾಸ ಪದ್ಧತಿಯು ಪಾಶ್ಚಾತ್ಯ ದೇಶಗಳಲ್ಲಿ ಒಂದು ಶತಮಾನಕ್ಕೂ ಹೆಚ್ಚು ಕಾಲದಿಂದ ರೂಢಿಯಲ್ಲಿದೆ. ಸ್ಕಾಟ್ಲೆಂಡಿನ ವೈದ್ಯರೂ ಲೇಖಕರೂ ಆಗಿದ್ದ ವಿಲಿಯಂ ಗಾರ್ಡನ್ ಸ್ಟೇಬಲ್ಸ್ ಅವರು 1885ರಲ್ಲಿ ‘ವಾಂಡರರ್’ ಎಂಬ ಎರಡು ಕುದುರೆಗಳ ವಸತಿಬಂಡಿಯಲ್ಲಿ ಇಂಗ್ಲೆಂಡಿನ ಟ್ವೈಫರ್ಡ್‌ನಿಂದ ಸ್ಕಾಟ್ಲೆಂಡಿನ ಇನ್ವರ್ನೆಸ್‌ವರೆಗೆ ಪ್ರಯಾಣ ಮಾಡಿದರು. ಅವರ ಸೇವಕನು ಮೂರು ಚಕ್ರದ ಸೈಕಲ್ಲನ್ನೇರಿ ಬಂಡಿಯ ಮುಂದೆ ಸಾಗುತ್ತ, ಎದುರು ಬರುವವರಿಗೆ ಮುನ್ಸೂಚನೆ ನೀಡುತ್ತಿದ್ದನು. ವಸತಿಬಂಡಿಗೂ ಸೈಕಲ್ಲಿಗೂ ಇರುವ ನಂಟು ಅಷ್ಟು ಹಳೆಯದು.

ಇಂದು ಉತ್ತರ ಅಮೆರಿಕ ಮತ್ತು ಯುರೋಪಿನಲ್ಲಿ ಸಾಧಾರಣ ಕಾರುಗಳೇ ಎಳೆಯಬಲ್ಲ ಸಣ್ಣ ಪ್ರವಾಸಿ ಟ್ರೇಲರ್‌ಗಳು ಬಹು ಸಂಖ್ಯೆಯಲ್ಲಿವೆ. ಕೆನಡಾದ ವಿನಿಪೆಗ್ ನಗರದಲ್ಲಿ 1968ರಲ್ಲಿ ಆರಂಭವಾದ ‘ಬೋಲರ್’ ಎಂಬ 13 ಅಡಿ ಉದ್ದದ ಫೈಬರ್‌ಗ್ಲಾಸ್ ಟ್ರೇಲರ್ ಈ ವರ್ಗದ ಪ್ರಸಿದ್ಧ ಮಾದರಿಗಳಲ್ಲಿ ಒಂದು. ಇಂತಹ ಟ್ರೇಲರಿನಲ್ಲಿ ಹಾಸಿಗೆ, ಒಲೆ, ನೀರಿನ ತೊಟ್ಟಿ ಇವುಗಳಿಗೆ ಸ್ಥಳ ಕೊಟ್ಟ ಮೇಲೆ ಉಳಿಯುವ ಜಾಗ ಅತ್ಯಲ್ಪ. ಆದ್ದರಿಂದ ಕುಟುಂಬದವರ ಸೈಕಲ್‌ಗಳು, ಮಡಿಸುವ ಕುರ್ಚಿಗಳು, ಡೇರೆ, ಜನರೇಟರ್ ಮುಂತಾದವನ್ನು ಎಲ್ಲಿಡಬೇಕೆಂಬ ಪ್ರಶ್ನೆ ಪ್ರತಿಯೊಬ್ಬ ಪ್ರವಾಸಿಗನಿಗೂ ಎದುರಾಗುತ್ತದೆ. ಇದು ಕೇವಲ ಅನುಕೂಲದ ಪ್ರಶ್ನೆಯಲ್ಲ. ಭಾರವನ್ನು ತಪ್ಪಾದ ಸ್ಥಳದಲ್ಲಿಟ್ಟ ಟ್ರೇಲರ್ ವೇಗದಲ್ಲಿ ಓಲಾಡಿ, ಎಳೆಯುವ ಕಾರನ್ನೂ ತನ್ನೊಡನೆ ಉರುಳಿಸಬಲ್ಲದು.

ನಮ್ಮ ದೇಶದಲ್ಲಿ ಟ್ರೇಲರ್ ಎಂದೊಡನೆ ಟ್ರ್ಯಾಕ್ಟರ್ ಎಳೆಯುವ ಬಂಡಿಯೇ ಕಣ್ಣ ಮುಂದೆ ಬರುತ್ತದೆ. ಕಾರಿಗೆ ಜೋಡಿಸುವ ಪ್ರವಾಸಿ ಟ್ರೇಲರ್‌ಗಳು ಇನ್ನೂ ವಿರಳ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯವು ಹನ್ನೊಂದನೆಯ ಪಂಚವಾರ್ಷಿಕ ಯೋಜನೆಯ ಅವಧಿಯಲ್ಲಿ (2007-12) ಕ್ಯಾರವಾನ್ ಪ್ರವಾಸಕ್ಕೆ ಒತ್ತು ನೀಡಿತು. 2021ರಲ್ಲಿ ಕೇರಳ ರಾಜ್ಯವು ಕ್ಯಾರವಾನ್ ಪ್ರವಾಸದ ತನ್ನ ಯೋಜನೆಯನ್ನು ಪ್ರಾರಂಭಿಸಿತು. ಇದಲ್ಲದೆ ವಿದೇಶದಲ್ಲಿ ನೆಲಸಿರುವ ಮಕ್ಕಳ ಮನೆಗೆ ಹೋಗಿ ಅವರೊಡನೆ ಇಂತಹ ಪ್ರವಾಸ ಕೈಗೊಳ್ಳುವ ಕನ್ನಡಿಗ ತಂದೆತಾಯಿಗಳೂ ಉಂಟು. ಮುಂಬಯಿ-ಪುಣೆ ದ್ರುತಗತಿ ಹೆದ್ದಾರಿಯಲ್ಲಿ ಸೈಕಲ್ ಸವಾರಿಗೆ ಅವಕಾಶವಿಲ್ಲದ ಕಾರಣ, ಲೋಣಾವಳದ ಕಡೆಗೆ ಸೈಕಲ್ಲನ್ನು ಕಾರಿನ ಮೇಲೆ ಕಟ್ಟಿಕೊಂಡು ಹೋಗುವ ಯುವಜನರೂ ಇದ್ದಾರೆ. ಇವರೆಲ್ಲರೂ ತಿಳಿದಿರಬೇಕಾದ ಮೂಲತತ್ತ್ವಗಳನ್ನು ಇಲ್ಲಿ ವಿವರಿಸಲಾಗಿದೆ.

ಮೂಕಿಯ ಮೇಲಿನ ಭಾರ

ಎತ್ತಿನ ಗಾಡಿಯನ್ನು ಹೊಡೆದು ಬಲ್ಲವರಿಗೆ ಈ ವಿಷಯ ಹೊಸದೇನೂ ಅಲ್ಲ. ಗಾಡಿಯ ಹಿಂಭಾಗದಲ್ಲಿ ಹೊರೆ ಹೆಚ್ಚಾದರೆ ಮೂಕಿ ಮೇಲೆದ್ದು ನೊಗವು ಎತ್ತುಗಳ ಕತ್ತನ್ನು ಮೇಲಕ್ಕೆ ಒತ್ತುತ್ತದೆ. ಮುಂಭಾಗದಲ್ಲಿ ಹೆಚ್ಚಾದರೆ ಕತ್ತಿನ ಮೇಲೆ ಅತಿಭಾರ ಬಿದ್ದು ಎತ್ತುಗಳು ಸೋಲುತ್ತವೆ. ಅನುಭವಸ್ಥ ರೈತನು ಹೊರೆಯ ಹೆಚ್ಚಿನ ಭಾಗವನ್ನು ಅಚ್ಚಿನ ಮೇಲಿರಿಸಿ, ನೊಗಕ್ಕೆ ಹಗುರವಾದ ಒತ್ತಡ ಮಾತ್ರ ಬೀಳುವಂತೆ ನೋಡಿಕೊಳ್ಳುತ್ತಾನೆ.

ಕಾರು ಎಳೆಯುವ ಟ್ರೇಲರಿಗೂ ಇದೇ ನಿಯಮ ಅನ್ವಯಿಸುತ್ತದೆ. ಟ್ರೇಲರಿನ ಮೂಕಿಯು ಕಾರಿನ ಹಿಂಬದಿಯ ಕೊಂಡಿಯ ಮೇಲೆ ಹಾಕುವ ಕೆಳಮುಖ ಭಾರವನ್ನು ಇಲ್ಲಿ ‘ಮೂಕಿಭಾರ’ ಎಂದು ಕರೆಯಬಹುದು. ಅಮೆರಿಕದಲ್ಲಿ ಇದು ಟ್ರೇಲರಿನ ಒಟ್ಟು ತೂಕದ ಶೇಕಡ 10ರಿಂದ 15ರಷ್ಟಿರಬೇಕೆಂದು ಸಾಮಾನ್ಯವಾಗಿ ಸಲಹೆ ನೀಡಲಾಗುತ್ತದೆ. ಬ್ರಿಟನ್ನಿನಲ್ಲಿ ಶೇಕಡ 5ರಿಂದ 7ರವರೆಗಿನ ಪ್ರಮಾಣ ರೂಢಿಯಲ್ಲಿದೆ. ಯುರೋಪಿನ ಕಾರುಗಳ ಕೊಂಡಿಗಳು ಹೊರಬಲ್ಲ ನೇರ ಭಾರ ಕಡಿಮೆ. ಅನೇಕ ಕಾರುಗಳಲ್ಲಿ ಇದು 75ರಿಂದ 100 ಕಿಲೋಗ್ರಾಮಿನೊಳಗೇ ಇರುತ್ತದೆ. ಅಲ್ಲಿ ಟ್ರೇಲರ್ ಎಳೆಯುವಾಗಿನ ವೇಗಮಿತಿಯೂ ಬಿಗಿಯಾಗಿದೆ. ಜರ್ಮನಿಯಲ್ಲಿ ಈ ಮಿತಿ ಸಾಮಾನ್ಯವಾಗಿ ಗಂಟೆಗೆ 80 ಕಿಲೋಮೀಟರ್ ಆಗಿದ್ದು, ನಿರ್ದಿಷ್ಟ ಷರತ್ತುಗಳನ್ನು ಪೂರೈಸಿ ಅನುಮತಿ ಪಡೆದ ವಾಹನಗಳಿಗೆ ಮಾತ್ರ 100 ಕಿಲೋಮೀಟರ್‌ವರೆಗೆ ಅವಕಾಶವಿದೆ. ಯಾವ ದೇಶದಲ್ಲೇ ಆಗಲಿ, ಕಾರು, ಕೊಂಡಿ ಮತ್ತು ಟ್ರೇಲರ್ ಈ ಮೂರರ ತಯಾರಕರು ನಮೂದಿಸಿದ ಮಿತಿಗಳಲ್ಲಿ ಅತ್ಯಂತ ಕಡಿಮೆಯಾದುದೇ ಅಂತಿಮ ಮಿತಿಯೆಂದು ತಿಳಿಯತಕ್ಕದ್ದು.

ಸೈಕಲ್ಲುಗಳನ್ನು ಹಿಂಬದಿಗೆ ಕಟ್ಟಿದಾಗ

ಟ್ರೇಲರಿನ ಹಿಂಬದಿಗೆ ಚೌಕಟ್ಟೊಂದನ್ನು ಜೋಡಿಸಿ ಸೈಕಲ್ಲುಗಳನ್ನು ಕಟ್ಟುವುದು ನೋಡಲು ಅತ್ಯಂತ ಸುಲಭವಾದ ಉಪಾಯ. ಆದರೆ ಅಪಾಯ ಅಡಗಿರುವುದೂ ಅಲ್ಲಿಯೇ. ಒಂದು ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ.

ಒಂದು ಸಣ್ಣ ಟ್ರೇಲರಿನ ತೂಕ 700 ಕಿಲೋಗ್ರಾಂ, ಅದರ ಮೂಕಿಭಾರ 70 ಕಿಲೋಗ್ರಾಂ, ಎಂದರೆ ಶೇಕಡ 10 ಎಂದಿಟ್ಟುಕೊಳ್ಳೋಣ. ಅಚ್ಚಿನಿಂದ ಕೊಂಡಿಗೆ 3 ಮೀಟರ್, ಅಚ್ಚಿನಿಂದ ಹಿಂಬದಿಯ ಸೈಕಲ್ ಚೌಕಟ್ಟಿಗೆ 2.5 ಮೀಟರ್ ದೂರವಿದೆ. ತಲಾ 15 ಕಿಲೋಗ್ರಾಮಿನ ಎರಡು ಸೈಕಲ್ಲುಗಳು ಮತ್ತು 10 ಕಿಲೋಗ್ರಾಮಿನ ಚೌಕಟ್ಟು ಸೇರಿ ಒಟ್ಟು 40 ಕಿಲೋಗ್ರಾಂ ಭಾರ ಅಲ್ಲಿ ಬೀಳುತ್ತದೆ. ಅಚ್ಚು ಇಲ್ಲಿ ಸನ್ನೆಗೋಲಿನ ಆಧಾರಬಿಂದುವಿನಂತೆ ಕೆಲಸ ಮಾಡುವುದರಿಂದ, 40ನ್ನು 2.5ರಿಂದ ಗುಣಿಸಿ 3ರಿಂದ ಭಾಗಿಸಿದಾಗ ದೊರೆಯುವ ಸುಮಾರು 33 ಕಿಲೋಗ್ರಾಮಿನಷ್ಟು ಮೂಕಿಭಾರ ಕಡಿಮೆಯಾಗುತ್ತದೆ. ಉಳಿಯುವುದು 37 ಕಿಲೋಗ್ರಾಂ ಮಾತ್ರ. ಟ್ರೇಲರಿನ ತೂಕವು 740 ಕಿಲೋಗ್ರಾಮಿಗೆ ಏರಿರುವುದರಿಂದ ಇದು ಶೇಕಡ 5ಕ್ಕೆ ಇಳಿದಂತಾಯಿತು.

ಸೈಕಲ್ಲುಗಳು ವಿದ್ಯುತ್ ಚಾಲಿತವಾಗಿದ್ದರೆ ಪರಿಸ್ಥಿತಿ ಇನ್ನೂ ವಿಷಮವಾಗುತ್ತದೆ. ಅಂತಹ ಸೈಕಲ್ಲಿನ ತೂಕ 20ರಿಂದ 30 ಕಿಲೋಗ್ರಾಂ ಇರುವುದು ಸಾಮಾನ್ಯ. ತಲಾ 25 ಕಿಲೋಗ್ರಾಮಿನ ಎರಡು ಸೈಕಲ್ಲುಗಳು ಮತ್ತು 15 ಕಿಲೋಗ್ರಾಮಿನ ಗಟ್ಟಿ ಚೌಕಟ್ಟು ಸೇರಿದರೆ ಮೂಕಿಭಾರವು 54 ಕಿಲೋಗ್ರಾಂನಷ್ಟು ತಗ್ಗಿ, ಕೇವಲ 16 ಕಿಲೋಗ್ರಾಂ ಉಳಿಯುತ್ತದೆ. ಇದು ಟ್ರೇಲರಿನ ತೂಕದ ಶೇಕಡ 2 ಮಾತ್ರ. ಈ ಸ್ಥಿತಿಯಲ್ಲಿ ಹೆದ್ದಾರಿಯ ವೇಗದಲ್ಲಿ ಸಾಗುವುದು ಆಪತ್ತಿಗೆ ಆಹ್ವಾನವಿತ್ತಂತೆ.

ಮುಂಭಾಗದಲ್ಲಿ ನೀರಿನ ಕ್ಯಾನುಗಳನ್ನಿಟ್ಟು ಮೂಕಿಭಾರವನ್ನು ಸರಿದೂಗಿಸಿದರೆ ಸಾಲದೇ ಎಂಬ ಪ್ರಶ್ನೆ ಸಹಜ. ಅದರಿಂದ ಅರ್ಧ ಪರಿಹಾರ ಮಾತ್ರ ದೊರೆಯುತ್ತದೆ. ಎರಡೂ ತುದಿಗಳಲ್ಲಿ ಭಾರವಿರುವ ಟ್ರೇಲರ್ ಒಮ್ಮೆ ಅತ್ತಿತ್ತ ತಿರುಗತೊಡಗಿದರೆ ಬೇಗನೆ ನಿಲ್ಲುವುದಿಲ್ಲ. ಹೀಗೆ ತಿರುಗುವ ಜಡತ್ವವು ದೂರದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ಅಚ್ಚಿನಿಂದ ಅರ್ಧ ಮೀಟರ್ ದೂರದಲ್ಲಿರುವ ವಸ್ತುವನ್ನು ಎರಡೂವರೆ ಮೀಟರ್ ದೂರಕ್ಕೆ ಸರಿಸಿದರೆ ಅದರಿಂದ ಬರುವ ಜಡತ್ವ 25 ಪಟ್ಟು ಆಗುತ್ತದೆ. ಆದ್ದರಿಂದ ಭಾರವಾದ ವಸ್ತುಗಳು ಕೆಳಗೆ ಮತ್ತು ಅಚ್ಚಿನ ಸಮೀಪದಲ್ಲಿ, ಹಗುರವಾದವು ಮಾತ್ರ ತುದಿಗಳಲ್ಲಿ ಇರಬೇಕೆಂಬುದು ಮೊದಲ ಸೂತ್ರ.

ಹಿಂಬದಿಯ ಚೌಕಟ್ಟಿಗೆ ಇನ್ನೊಂದು ತೊಡಕೂ ಇದೆ. ಟ್ರೇಲರಿನ ಹಿಂಬದಿಯು ಕಾರಿನ ಹಿಂಬದಿಗಿಂತ ಬಹಳ ಹೆಚ್ಚಾಗಿ ಮೇಲಕ್ಕೂ ಕೆಳಕ್ಕೂ ಎಗರುತ್ತದೆ. ಕಾರಿಗಾಗಿ ತಯಾರಾದ ಸೈಕಲ್ ಚೌಕಟ್ಟುಗಳನ್ನು ಟ್ರೇಲರಿಗೆ ಬಳಸಕೂಡದೆಂದು ಅನೇಕ ತಯಾರಕರು ಸ್ಪಷ್ಟವಾಗಿ ತಿಳಿಸಿರುತ್ತಾರೆ. ಅಮೆರಿಕದ ಅನೇಕ ಟ್ರೇಲರ್‌ಗಳ ಹಿಂದಿನ ಬಂಪರು ತೆಳುವಾದ ತಗಡಿನ ಚೌಕಾಕಾರದ ಕೊಳವೆಯಷ್ಟೇ. ಅದರೊಳಗೆ ಮಲಿನಜಲದ ಪೈಪನ್ನು ಇಡುವ ರೂಢಿಯಿದೆ. ಇಂತಹ ಬಂಪರಿಗೆ ಚೌಕಟ್ಟನ್ನು ಬಿಗಿದರೆ ಬೆಸುಗೆ ಬಿಟ್ಟು, ಸೈಕಲ್ಲುಗಳು ಹಿಂದೆ ಬರುವ ವಾಹನದ ಮುಂದೆ ಬೀಳಬಹುದು. ಟ್ರೇಲರಿನ ಮುಖ್ಯ ಚಾಸಿಗೇ ಜೋಡಿಸಿದ, ಆ ಉದ್ದೇಶಕ್ಕೆಂದೇ ತಯಾರಾದ ಚೌಕಟ್ಟು ಮಾತ್ರ ಬಳಕೆಗೆ ಯೋಗ್ಯ.

ಮೂಕಿಯ ಮೇಲೆ ಮತ್ತು ಕಾರಿನ ಹಿಂದೆ

ಟ್ರೇಲರಿನ ಮುಂಭಾಗದಲ್ಲಿ ಮೂಕಿಯ ಮೇಲೆ ಸೈಕಲ್ಲುಗಳನ್ನು ನಿಲ್ಲಿಸುವ ಚೌಕಟ್ಟುಗಳು ದೊರೆಯುತ್ತವೆ. ಮೇಲಿನ ಉದಾಹರಣೆಯ 40 ಕಿಲೋಗ್ರಾಂ ಭಾರವನ್ನು ಅಚ್ಚಿನಿಂದ 2 ಮೀಟರ್ ಮುಂದೆ ಇರಿಸಿದರೆ ಮೂಕಿಭಾರ ಸುಮಾರು 27 ಕಿಲೋಗ್ರಾಂ ಹೆಚ್ಚಿ 97ಕ್ಕೆ ತಲಪುತ್ತದೆ. ಇದು ಒಟ್ಟು ತೂಕದ ಶೇಕಡ 13. ಓಲಾಟದ ದೃಷ್ಟಿಯಿಂದ ಇದು ಹಿತಕರವೇ. ಆದರೆ ಕೊಂಡಿಯ ಮಿತಿ 75 ಕಿಲೋಗ್ರಾಂ ಆಗಿದ್ದಲ್ಲಿ ಈ ವ್ಯವಸ್ಥೆ ಸಾಧ್ಯವಿಲ್ಲ.

ಮೂಕಿಭಾರ ಹೆಚ್ಚಿದಂತೆ ಕಾರಿನ ಮೇಲಾಗುವ ಪರಿಣಾಮವನ್ನೂ ಗಮನಿಸಬೇಕು. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ 2.6 ಮೀಟರ್ ಅಂತರವಿರುವ ಕಾರಿನಲ್ಲಿ, ಹಿಂದಿನ ಅಚ್ಚಿನಿಂದ 1.2 ಮೀಟರ್ ಹಿಂದಿರುವ ಕೊಂಡಿಯ ಮೇಲೆ 100 ಕಿಲೋಗ್ರಾಂ ಭಾರ ಬಿದ್ದರೆ, ಹಿಂದಿನ ಅಚ್ಚಿನ ಮೇಲೆ 146 ಕಿಲೋಗ್ರಾಂ ಹೆಚ್ಚಾಗಿ, ಮುಂದಿನ ಚಕ್ರಗಳ ಮೇಲಿನ ಭಾರ 46 ಕಿಲೋಗ್ರಾಂ ಕಡಿಮೆಯಾಗುತ್ತದೆ. ಕಾರನ್ನು ತಿರುಗಿಸುವುದು ಮುಂದಿನ ಚಕ್ರಗಳು. ಬ್ರೇಕಿನ ಹೆಚ್ಚಿನ ಬಲವೂ ಅವುಗಳದೇ. ಅವುಗಳ ಹಿಡಿತ ಸಡಿಲಗೊಳ್ಳುವುದರಿಂದ ಮಳೆಗಾಲದ ರಸ್ತೆಯಲ್ಲಿ ಕಾರು ಜಾರುವ ಸಂಭವ ಹೆಚ್ಚು. ರಾತ್ರಿಯಲ್ಲಿ ಮುಂದಿನ ದೀಪಗಳು ಮೇಲ್ಮುಖವಾಗಿ ಎದುರಿನ ಚಾಲಕರ ಕಣ್ಣು ಕುಕ್ಕುತ್ತವೆ. ಕಾರಿನ ಡಿಕ್ಕಿಯಲ್ಲಿರುವ ಸಾಮಾನು ಮತ್ತು ಹಿಂದಿನ ಆಸನದಲ್ಲಿರುವವರ ತೂಕವೂ ಇದೇ ಅಚ್ಚಿನ ಮೇಲೆ ಬೀಳುತ್ತದೆ ಎಂಬುದನ್ನು ಮರೆಯಬಾರದು.

ಕಾರಿಗೂ ಟ್ರೇಲರಿಗೂ ನಡುವೆ ಸೈಕಲ್ಲುಗಳನ್ನು ಕಟ್ಟುವ ಪದ್ಧತಿಯೂ ಇದೆ. ಇದಕ್ಕಾಗಿ ಕೊಂಡಿಗೆ ಉದ್ದದ ಕೊಳವೆಯೊಂದನ್ನು ಸೇರಿಸಿದರೆ ಸನ್ನೆಗೋಲು ಇನ್ನಷ್ಟು ಉದ್ದವಾಗಿ ಕೊಂಡಿಯ ಸಾಮರ್ಥ್ಯ ಗಣನೀಯವಾಗಿ ಕುಗ್ಗುತ್ತದೆ. ಇಕ್ಕಟ್ಟಾದ ತಿರುವಿನಲ್ಲಿ ಅಥವಾ ಹಿಂದಕ್ಕೆ ಚಲಿಸುವಾಗ ಸೈಕಲ್ಲಿನ ಹ್ಯಾಂಡಲ್ ಟ್ರೇಲರಿನ ಗೋಡೆಗೆ ಬಡಿಯುತ್ತದೆ. ಈ ಕ್ರಮವನ್ನು ಅನುಸರಿಸುವವರು ಬಯಲು ಜಾಗದಲ್ಲಿ ಎರಡೂ ಬದಿಗೆ ಪೂರ್ಣವಾಗಿ ತಿರುಗಿಸಿ, ಇನ್ನೊಬ್ಬರು ಹೊರಗೆ ನಿಂತು ನೋಡಿ ಖಚಿತಪಡಿಸಿದ ನಂತರವೇ ರಸ್ತೆಗಿಳಿಯಬೇಕು.

ಕಾರಿನ ಮೇಲ್ಛಾವಣಿ

ಕಾರಿನ ಮೇಲಿರುವ ಕ್ಯಾರಿಯರ್‌ನಲ್ಲಿ ಸೈಕಲ್ಲುಗಳನ್ನು ಇರಿಸಿದರೆ ಮೂಕಿಭಾರದ ಮೇಲೆ ಪರಿಣಾಮವಾಗುವುದಿಲ್ಲ. ಸಣ್ಣ ಟ್ರೇಲರ್ ಎಳೆಯುವವರಿಗೆ ಇದು ಅನೇಕ ವೇಳೆ ಒಳ್ಳೆಯ ಮಾರ್ಗ. ಆದರೆ ಛಾವಣಿಯ ಮಿತಿ ಅನೇಕ ಕಾರುಗಳಲ್ಲಿ 50ರಿಂದ 100 ಕಿಲೋಗ್ರಾಂ ಮಾತ್ರ; ಕ್ಯಾರಿಯರಿನ ತೂಕವೂ ಅದರಲ್ಲಿಯೇ ಸೇರಿದೆ. ಭಾರ ಎತ್ತರಕ್ಕೇರಿದಂತೆ ಗುರುತ್ವ ಕೇಂದ್ರವೂ ಮೇಲಕ್ಕೇರಿ ತಿರುವುಗಳಲ್ಲಿ ಕಾರು ಹೆಚ್ಚು ವಾಲುತ್ತದೆ. ಗಾಳಿಯ ತಡೆ ಹೆಚ್ಚಿ ಇಂಧನವೂ ಹೆಚ್ಚು ಖರ್ಚಾಗುತ್ತದೆ.

ಎತ್ತರವನ್ನು ಮರೆಯುವುದರಿಂದ ಆಗುವ ನಷ್ಟವೂ ಕಡಿಮೆಯಲ್ಲ. 1.6 ಮೀಟರ್ ಎತ್ತರದ ಕಾರಿನ ಮೇಲೆ ಸೈಕಲ್ಲನ್ನು ನೇರವಾಗಿ ನಿಲ್ಲಿಸಿದರೆ ಒಟ್ಟು ಎತ್ತರ 2.7 ಮೀಟರ್ ದಾಟುತ್ತದೆ. ನಗರಗಳ ನೆಲಮಾಳಿಗೆಯ ವಾಹನ ನಿಲ್ದಾಣಗಳ ಪ್ರವೇಶದ್ವಾರಗಳು ಇದಕ್ಕಿಂತ ತಗ್ಗಾಗಿರುತ್ತವೆ. ಒಟ್ಟು ಎತ್ತರವನ್ನು ಅಳೆದು, ಚೀಟಿಯಲ್ಲಿ ಬರೆದು, ಚಾಲಕನಿಗೆ ಕಾಣುವಂತೆ ಅಂಟಿಸಿಡುವುದು ಉತ್ತಮ. ಮೋಟಾರ್ ಸೈಕಲ್ಲುಗಳನ್ನು ಯಾವ ಕಾರಣಕ್ಕೂ ಇಂತಹ ಕ್ಯಾರಿಯರ್ ಅಥವಾ ಸೈಕಲ್ ಚೌಕಟ್ಟುಗಳಲ್ಲಿ ಸಾಗಿಸಕೂಡದು. ನೂರು ಕಿಲೋಗ್ರಾಮಿಗೂ ಮೀರಿದ ಅವುಗಳ ತೂಕಕ್ಕೆ ಪ್ರತ್ಯೇಕ ಸರಕು ವಾಹನವೇ ಬೇಕು.

ಟ್ರೇಲರಿನ ಒಳಗೆ

ಸೈಕಲ್ಲಿನ ಮುಂದಿನ ಚಕ್ರವನ್ನು ಬಿಚ್ಚಿ, ಹಳೆಯ ಕಂಬಳಿ ಹೊದಿಸಿ, ಟ್ರೇಲರಿನೊಳಗೆ ಅಚ್ಚಿನ ಮೇಲ್ಭಾಗದಲ್ಲಿ ನೆಲಕ್ಕೆ ಕಟ್ಟುವುದು ಸಮತೋಲನದ ದೃಷ್ಟಿಯಿಂದ ಶ್ರೇಷ್ಠ ವಿಧಾನ. ಮೇಲಿನ ಉದಾಹರಣೆಯಲ್ಲಿ ಎರಡು ಸೈಕಲ್ಲುಗಳನ್ನು ಹೀಗೆ ಇರಿಸಿದರೆ ಮೂಕಿಭಾರ 70 ಕಿಲೋಗ್ರಾಮಾಗಿಯೇ ಉಳಿಯುತ್ತದೆ. ಪ್ರತಿ ತಂಗುದಾಣದಲ್ಲಿಯೂ ಅವುಗಳನ್ನು ಹೊರತೆಗೆಯುವ ಶ್ರಮವಿದೆಯೆಂಬುದು ನಿಜ. ಆದರೆ ಮಳೆ, ಧೂಳು ಮತ್ತು ಕಳ್ಳತನದಿಂದ ರಕ್ಷಣೆಯೂ ದೊರೆಯುತ್ತದೆ. ಮಡಿಸುವ ಸೈಕಲ್ಲುಗಳನ್ನು ಕಾರಿನ ಡಿಕ್ಕಿಯಲ್ಲಿಯೇ ಇಡಬಹುದು. ವಿದ್ಯುತ್ ಸೈಕಲ್ಲಿನ ಬ್ಯಾಟರಿಯನ್ನು ಕಳಚಿ, ಅದರ ತುದಿಗಳು ಲೋಹಕ್ಕೆ ತಗಲದಂತೆ ಪ್ರತ್ಯೇಕವಾಗಿ ಇರಿಸತಕ್ಕದ್ದು.

ಇತರ ಸಾಮಾನುಗಳ ತೂಕವು ಅರಿವಿಲ್ಲದೆಯೇ ಬೆಳೆಯುತ್ತದೆ. ಒಂದು ಲೀಟರ್ ನೀರೆಂದರೆ ಒಂದು ಕಿಲೋಗ್ರಾಂ. 50 ಲೀಟರಿನ ತೊಟ್ಟಿ ತುಂಬಿದ್ದರೆ ಅದೇ ಒಬ್ಬ ಪ್ರಯಾಣಿಕನ ತೂಕಕ್ಕೆ ಸಮ. ತೊಟ್ಟಿಯನ್ನು ಅರ್ಧ ತುಂಬಿಸಿದರೆ ನೀರು ಅತ್ತಿತ್ತ ಹೊಯ್ದಾಡಿ ಸಮತೋಲನ ಕೆಡಿಸುವ ಸಂಭವವೂ ಇದೆ. ತಂಗುವ ಸ್ಥಳದಲ್ಲಿ ನೀರು ದೊರೆಯುವುದಾದರೆ ತೊಟ್ಟಿಯನ್ನು ಖಾಲಿಮಾಡಿಯೇ ಹೊರಡುವುದು ಲೇಸು. ಅಡುಗೆ ಅನಿಲದ ಸಿಲಿಂಡರನ್ನು ನೇರವಾಗಿ ನಿಲ್ಲಿಸಿ, ಬಿಗಿಯಾಗಿ ಕಟ್ಟಿ, ಪ್ರಯಾಣ ಕಾಲದಲ್ಲಿ ಅದರ ಕವಾಟವನ್ನು ಮುಚ್ಚಿರಬೇಕು. ಪೆಟ್ರೋಲ್ ಕ್ಯಾನನ್ನಾಗಲಿ ಇಂಧನ ತುಂಬಿದ ಜನರೇಟರನ್ನಾಗಲಿ ಜನರು ಮಲಗುವ ಕೋಣೆಯಲ್ಲಿ ಇಡಕೂಡದು. ಜನರೇಟರಿನ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಬಣ್ಣವಾಗಲಿ ವಾಸನೆಯಾಗಲಿ ಇಲ್ಲದ ಪ್ರಾಣಘಾತಕ ಅನಿಲ. ಚಲಿಸುತ್ತಿರುವ ಟ್ರೇಲರಿನೊಳಗೆ ಮಕ್ಕಳನ್ನಾಗಲಿ ದೊಡ್ಡವರನ್ನಾಗಲಿ ಕೂರಿಸುವುದು ಸರ್ವಥಾ ಸಲ್ಲದು.

ತೂಕವನ್ನು ಕಂಡುಕೊಳ್ಳುವ ಬಗೆ

ಅಂದಾಜನ್ನು ನೆಚ್ಚಿ ಹೊರಡುವುದಕ್ಕಿಂತ ತೂಗಿ ನೋಡುವುದು ಕ್ಷೇಮ. ಪೂರ್ಣವಾಗಿ ಸಾಮಾನು ತುಂಬಿದ ಟ್ರೇಲರನ್ನು ವೇಬ್ರಿಡ್ಜ್‌ನಲ್ಲಿ ತೂಗಿಸಬಹುದು. ಮೂಕಿಭಾರವನ್ನು ಮನೆಯಲ್ಲಿ ಬಳಸುವ ವ್ಯಕ್ತಿತೂಕದ ಯಂತ್ರದಿಂದಲೂ ಅಳೆಯಬಹುದು. ಟ್ರೇಲರನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಚಕ್ರಗಳಿಗೆ ಮುಂದೆಯೂ ಹಿಂದೆಯೂ ಅಡ್ಡಗಲ್ಲು ಇಟ್ಟು, ಯಂತ್ರದ ಮೇಲೆ ಗಟ್ಟಿಯಾದ ಮರದ ತುಂಡನ್ನು ನಿಲ್ಲಿಸಿ, ಕೊಂಡಿಯ ಭಾಗವು ಕಾರಿಗೆ ಜೋಡಿಸಿದಾಗ ಇರುವಷ್ಟೇ ಎತ್ತರದಲ್ಲಿ ಆ ತುಂಡಿನ ಮೇಲೆ ಕೂರುವಂತೆ ಇಳಿಸಬೇಕು. ಆಗ ಯಂತ್ರವು ತೋರಿಸುವ ಅಂಕೆಯಿಂದ ಮರದ ತುಂಡಿನ ತೂಕವನ್ನು ಕಳೆದರೆ ಮೂಕಿಭಾರ ದೊರೆಯುತ್ತದೆ. ಸೈಕಲ್ಲುಗಳನ್ನು ಕಟ್ಟುವ ಮೊದಲು ಒಮ್ಮೆ, ಕಟ್ಟಿದ ನಂತರ ಒಮ್ಮೆ ಹೀಗೆ ಅಳೆದು ನೋಡಿದರೆ ವ್ಯತ್ಯಾಸ ಕಣ್ಣಿಗೆ ಕಟ್ಟುತ್ತದೆ. ಬ್ರಿಟನ್ನಿನಲ್ಲಿ ಹೊಸಬರಿಗೆ ನೀಡುವ ಇನ್ನೊಂದು ಸಲಹೆಯೂ ಪಾಲನಯೋಗ್ಯ: ತುಂಬಿದ ಟ್ರೇಲರಿನ ತೂಕವು ಎಳೆಯುವ ಕಾರಿನ ಸ್ವಂತ ತೂಕದ ಶೇಕಡ 85ನ್ನು ಮೀರಬಾರದು.

ಟ್ರೇಲರ್ ಓಲಾಡತೊಡಗಿದಾಗ

ದೊಡ್ಡ ಲಾರಿಯೊಂದು ಪಕ್ಕದಲ್ಲಿ ಹಾದುಹೋದಾಗ, ಅಡ್ಡಗಾಳಿ ಬೀಸಿದಾಗ ಅಥವಾ ಇಳಿಜಾರಿನಲ್ಲಿ ವೇಗ ಹೆಚ್ಚಿದಾಗ ಓಲಾಟ ಆರಂಭವಾಗಬಹುದು. ಆಗ ಗಾಬರಿಯಿಂದ ಕಾರಿನ ಬ್ರೇಕನ್ನು ಬಲವಾಗಿ ತುಳಿದರೆ ಹಿಂದಿನ ಟ್ರೇಲರ್ ಕಾರನ್ನು ಓರೆಯಾಗಿ ತಳ್ಳುತ್ತದೆ. ವೇಗ ಹೆಚ್ಚಿಸಿ ಟ್ರೇಲರನ್ನು ನೇರಗೊಳಿಸಲು ಯತ್ನಿಸುವುದು ಇನ್ನೂ ಅಪಾಯಕರ. ಸ್ಟೀರಿಂಗನ್ನು ನೇರವಾಗಿ ಹಿಡಿದು, ಆಕ್ಸಿಲರೇಟರಿನಿಂದ ಕಾಲು ತೆಗೆದು, ವಾಹನ ತಾನಾಗಿಯೇ ನಿಧಾನಿಸಲು ಬಿಡುವುದು ಸರಿಯಾದ ಕ್ರಮ. ಟ್ರೇಲರಿಗೆ ಪ್ರತ್ಯೇಕವಾದ ವಿದ್ಯುತ್ ಬ್ರೇಕನ್ನು ಕೈಯಿಂದ ಹಾಕುವ ಸೌಲಭ್ಯವಿದ್ದರೆ ಅದನ್ನು ಮಾತ್ರ ಮೆಲ್ಲನೆ ಬಳಸಬಹುದು. ಅನಂತರ ಸುರಕ್ಷಿತ ಸ್ಥಳದಲ್ಲಿ ನಿಲ್ಲಿಸಿ, ಹಿಂಬದಿಯ ಭಾರವನ್ನು ಮುಂದಕ್ಕೆ ಸರಿಸದ ಹೊರತು ಪ್ರಯಾಣ ಮುಂದುವರಿಸಬಾರದು. ಘಟ್ಟದ ಇಳಿಜಾರುಗಳಲ್ಲಿ ಮೊದಲೇ ಕೆಳಗಿನ ಗೇರಿಗೆ ಬದಲಾಯಿಸಿಕೊಂಡು ಇಳಿಯುವುದು ಅವಶ್ಯಕ.

ಕಾನೂನಿನ ಅಗತ್ಯಗಳು

ಭಾರತದಲ್ಲಿ 1988ರ ಮೋಟಾರು ವಾಹನ ಅಧಿನಿಯಮದ ಪ್ರಕಾರ ಟ್ರೇಲರಿಗೂ ನೋಂದಣಿ ಇರಬೇಕು. ಅಲ್ಲದೆ ಅದನ್ನು ಎಳೆಯುವ ವಾಹನದ ನೋಂದಣಿ ಸಂಖ್ಯೆಯನ್ನೂ ಟ್ರೇಲರಿನ ಮೇಲೆ ಪ್ರದರ್ಶಿಸಬೇಕೆಂದು 61ನೆಯ ಪ್ರಕರಣ ವಿಧಿಸುತ್ತದೆ. ತಯಾರಕರ ಮೂಲ ವಿನ್ಯಾಸಕ್ಕೆ ಭಿನ್ನವಾಗಿ ವಾಹನವನ್ನು ಮಾರ್ಪಡಿಸುವುದಕ್ಕೆ 52ನೆಯ ಪ್ರಕರಣವು ನಿರ್ಬಂಧ ಹೇರಿದೆ. ಆದ್ದರಿಂದ ಕಾರಿಗೆ ಕೊಂಡಿ ಹಾಕಿಸುವ ಮೊದಲು ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿಯೂ ವಿಮಾ ಸಂಸ್ಥೆಯಲ್ಲಿಯೂ ವಿಚಾರಿಸಿಕೊಳ್ಳುವುದು ಅಗತ್ಯ. 2019ರ ತಿದ್ದುಪಡಿಯ ಮೂಲಕ ಸೇರ್ಪಡೆಯಾದ 194(1ಎ) ಪ್ರಕರಣದಂತೆ, ಹೊರೆಯು ಅನುಮತಿಸಿದ ಮಿತಿಗಿಂತ ಪಕ್ಕಕ್ಕೆ, ಮುಂದಕ್ಕೆ, ಹಿಂದಕ್ಕೆ ಅಥವಾ ಎತ್ತರಕ್ಕೆ ಚಾಚಿಕೊಂಡಿದ್ದರೆ 20,000 ರೂಪಾಯಿ ದಂಡವನ್ನು ವಿಧಿಸಬಹುದಾಗಿದೆ. ಹೊರೆಯನ್ನು ಇಳಿಸುವ ವೆಚ್ಚವನ್ನೂ ತೆರಬೇಕಾಗುತ್ತದೆ. ಕಟ್ಟಿದ ಸೈಕಲ್ಲುಗಳು ಸಂಖ್ಯಾಫಲಕವನ್ನಾಗಲಿ ಹಿಂದಿನ ದೀಪಗಳನ್ನಾಗಲಿ ಮರೆಮಾಡಬಾರದು.

ವಿದೇಶಗಳಲ್ಲಿ ನಿಯಮಗಳು ಬೇರೆಬೇರೆಯಾಗಿವೆ. ಸ್ಪೇನ್ ಮತ್ತು ಇಟಲಿ ದೇಶಗಳಲ್ಲಿ ಹಿಂದಕ್ಕೆ ಚಾಚಿದ ಸೈಕಲ್ಲುಗಳ ಮೇಲೆ ಕೆಂಪು-ಬಿಳಿ ಓರೆಪಟ್ಟೆಗಳ, 50 ಸೆಂಟಿಮೀಟರ್ ಚೌಕದ ಫಲಕವನ್ನು ಕಟ್ಟಬೇಕು. ಬ್ರಿಟನ್ನಿನಲ್ಲಿ ಟ್ರೇಲರ್ ಎಳೆಯುವ ಕಾರಿಗೆ ಮೋಟಾರ್ ಹೆದ್ದಾರಿಯಲ್ಲಿ ಗಂಟೆಗೆ 60 ಮೈಲಿಯ ಮಿತಿಯಿದೆ. ಅಲ್ಲಿಗೆ ಹೋಗುವವರು ಆಯಾ ದೇಶದ ನಿಯಮಗಳನ್ನು ಮೊದಲೇ ತಿಳಿದುಕೊಳ್ಳತಕ್ಕದ್ದು.

ಹೊರಡುವ ಮುನ್ನ ಗಮನಿಸಬೇಕಾದ ಅಂಶಗಳು

1. ಟ್ರೇಲರಿನ ಒಟ್ಟು ತೂಕ ಮತ್ತು ಮೂಕಿಭಾರ ಮಿತಿಯೊಳಗಿವೆಯೇ ಎಂಬುದನ್ನು ಅಳೆದು ನೋಡುವುದು.

2. ಕಾರು ಮತ್ತು ಟ್ರೇಲರ್ ಎರಡರ ಟೈರುಗಳ ಗಾಳಿಯ ಒತ್ತಡ, ಸವಕಳಿ ಹಾಗೂ ಬಿರುಕುಗಳನ್ನು ಪರೀಕ್ಷಿಸುವುದು.

3. ಕೊಂಡಿಯ ಬೀಗ, ಸುರಕ್ಷತಾ ಸರಪಳಿ, ವಿದ್ಯುತ್ ತಂತಿಯ ಜೋಡಣೆ ಇವುಗಳನ್ನು ನೋಡಿ, ಹಿಂದಿನ ದೀಪಗಳನ್ನು ಉರಿಸಿ ಪರೀಕ್ಷಿಸುವುದು.

4. ಸೈಕಲ್ಲುಗಳ ನೀರಿನ ಬಾಟಲಿ, ಪಂಪು, ಮಕ್ಕಳ ಆಸನ ಮುಂತಾದ ಬಿಡಿಭಾಗಗಳನ್ನು ಕಳಚಿಡುವುದು. ಚಕ್ರಗಳು ಗಾಳಿಗೆ ತಿರುಗದಂತೆ ಕಟ್ಟುವುದು.

5. ರಬ್ಬರ್ ಹಗ್ಗವನ್ನೇ ನೆಚ್ಚದೆ, ಬಕಲ್ ಇರುವ ಗಟ್ಟಿಯಾದ ಪಟ್ಟಿಗಳಿಂದ ಎರಡು ಕಡೆ ಬಿಗಿಯುವುದು.

6. ಹೊರಟ ನಂತರ ಸುಮಾರು 20 ಕಿಲೋಮೀಟರ್ ಸಾಗಿ, ನಿಲ್ಲಿಸಿ, ಎಲ್ಲ ಕಟ್ಟುಗಳನ್ನೂ ಮತ್ತೊಮ್ಮೆ ಬಿಗಿಗೊಳಿಸುವುದು.

ಪ್ರವಾಸಕ್ಕೆ ಹೊರಡುವಾಗ ಏನನ್ನು ಕೊಂಡೊಯ್ಯಬೇಕೆಂದು ಯೋಚಿಸುವಷ್ಟೇ, ಏನನ್ನು ಮನೆಯಲ್ಲಿಯೇ ಬಿಡಬಹುದೆಂದು ಯೋಚಿಸುವುದೂ ಹಿತಕರ. ಪ್ರವಾಸಿ ಸ್ಥಳಗಳಲ್ಲಿ ಬಾಡಿಗೆಗೆ ಸೈಕಲ್ ದೊರೆಯುವುದಾದರೆ ಸ್ವಂತ ಸೈಕಲ್ಲನ್ನು ಹೊತ್ತೊಯ್ಯುವ ಅಗತ್ಯವೇ ಬೀಳದು. ಒಯ್ಯಲೇಬೇಕಾದಾಗ ಅದರ ಭಾರ ಎಷ್ಟು, ಎಲ್ಲಿ ಬೀಳುತ್ತದೆ ಎಂಬುದನ್ನು ಹೊರಡುವ ಮುನ್ನವೇ ಲೆಕ್ಕ ಹಾಕುವುದು ಚಾಲಕನ ಕರ್ತವ್ಯ. ಕಟ್ಟು ಸಡಿಲಗೊಂಡು ಬಿದ್ದ ಸೈಕಲ್ಲಿಗೆ ಮೊದಲು ಸಿಲುಕುವವನು ಹಿಂದೆ ಬರುತ್ತಿರುವ ದ್ವಿಚಕ್ರ ವಾಹನ ಸವಾರ. ತನ್ನ ಕುಟುಂಬದೊಡನೆ ಆ ಅಪರಿಚಿತ ಸವಾರನ ಕ್ಷೇಮವೂ ತನ್ನ ಹೊಣೆಯೆಂದು ತಿಳಿದು ಸಾಗುವವನ ಪ್ರವಾಸವೇ ಸಾರ್ಥಕ.